ನಂಬಿಸಿ ಕತ್ತು ಕೊಯ್ಯುವ ಕ್ರಮ

ಮೊದಲು ಹೊಡೆಯಬೇಡಿ. ಹೊಸ ಗಂಡಂದಿರು ಎಡವುವುದು ಇಲ್ಲೇ. ಮದುವೆಯಾಗಿ ಮೂರು ತಿಂಗಳು ತುಂಬಿರುವುದಿಲ್ಲ, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಕೈ ಎತ್ತಿಬಿಡುತ್ತಾರೆ. ಆಗಿನ್ನೂ ಹುಡುಗಿಗೆ ಗೆಳತಿಯರ ಫೋನ್ ನಂಬರು ಬಾಯಿಪಾಠ ಇರುತ್ತದೆ, ಸಂಬಳದ ಖಾತೆ ಅವಳ ಕೈಯಲ್ಲೇ ಇರುತ್ತದೆ, ಅಪ್ಪನಿಗೂ ಮಗಳು ಬಂದರೆ ಬರಲಿ ಎನ್ನುವ ಧೈರ್ಯ ಉಳಿದಿರುತ್ತದೆ. ಸಂಜೆ ಬಸ್ಸಿಗೆ ಹೊರಟೇ ಹೋಗುತ್ತಾಳೆ. ಆಮೇಲೆ ಹಿರಿಯರನ್ನು ಕಟ್ಟಿಕೊಂಡು ಅವಳ ಊರಿಗೆ ಅಲೆಯುವವರು ನೀವೇ. ಏಟಿನ ಬಾಸುಂಡೆ ನಾಲ್ಕು ದಿನ ಕಾಣುತ್ತದೆ, ಪಕ್ಕದ ಮನೆಯವರು ನೋಡುತ್ತಾರೆ, ಆಸ್ಪತ್ರೆಗೆ ಹೋದರೆ ಬರೆದುಕೊಳ್ಳುತ್ತಾರೆ. ಸುಳ್ಳಿಗೆ ಅಂಥ ಗುರುತೇನೂ ಇಲ್ಲ. ಆದ್ದರಿಂದ ಸುಳ್ಳಿನಿಂದ ಶುರುಮಾಡಿ. ಹೊಡೆತ ತನ್ನ ಸರದಿಗೆ ತಾನೇ ಬರುತ್ತದೆ.

‘ನನಗೆ ಸುಳ್ಳು ಹೇಳೋಕೆ ಬರಲ್ಲ, ಮುಖದಲ್ಲೇ ಗೊತ್ತಾಗಿಬಿಡುತ್ತೆ’ ಎಂದು ಹಿಂಜರಿಯಬೇಡಿ. ಮುಖ ನೋಡಿ ಸುಳ್ಳು ಹಿಡಿಯುವವರು ಸಿನಿಮಾದಲ್ಲಿ ಮಾತ್ರ ಇರುತ್ತಾರೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಅದುವರೆಗೆ ನಡೆದಿದ್ದ ನೂರಾರು ಪ್ರಯೋಗಗಳನ್ನು 2006ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದರು. ಸತ್ಯ ಯಾವುದು, ಸುಳ್ಳು ಯಾವುದು ಎಂದು ಜನ ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಬರುತ್ತಿತ್ತು. ಅವರೆಲ್ಲ ಪರಿಚಯವಿಲ್ಲದವರ ಮಾತು ಕೇಳಿ ತೀರ್ಪು ಕೊಟ್ಟವರು. ನಿಮ್ಮ ಎದುರಿಗಿರುವುದು ನಿಮ್ಮ ಮಾತು ನಿಜವೇ ಆಗಿರಲಿ ಎಂದು ಸೋಮವಾರ ಉಪವಾಸ ಮಾಡುವವಳು. ನಿಮ್ಮ ಅರ್ಧ ಕೆಲಸ ಅವಳೇ ಮಾಡಿರುತ್ತಾಳೆ.

ಉಳಿದರ್ಧಕ್ಕೆ ಜೆನಿಫರ್ ಫ್ರೈಡ್ ಅವರನ್ನು ನೆನೆಯಿರಿ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿದ್ದ ಈ ಮನಶ್ಶಾಸ್ತ್ರಜ್ಞೆ 1990ರ ದಶಕದಲ್ಲಿ ಒಂದು ವಿಚಾರ ಮುಂದಿಟ್ಟರು. ಅನ್ನ, ನೆರಳು, ಮಕ್ಕಳ ಫೀಸು ಎಲ್ಲವೂ ಒಬ್ಬನ ಕೈಯಲ್ಲೇ ಇದ್ದಾಗ ಅವನು ಮಾಡುವ ದ್ರೋಹ ಮನಸ್ಸಿಗೆ ಸುಲಭವಾಗಿ ಕಾಣುವುದಿಲ್ಲ. ಕಂಡರೆ ಬದುಕುವುದು ಕಷ್ಟವಾಗುತ್ತದೆಂದು ಮನಸ್ಸೇ ಅದನ್ನು ಪಕ್ಕಕ್ಕೆ ಸರಿಸುತ್ತದೆ. ಅವರು ಇದನ್ನು ನೊಂದವರಿಗೆ ಸಹಾಯವಾಗಲೆಂದು ಬರೆದರು. ನೀವು ನಿಮಗೆ ಬೇಕಾದದ್ದನ್ನು ತೆಗೆದುಕೊಳ್ಳಿ. ಮೊದಲು ಎಲ್ಲಕ್ಕೂ ನಿಮ್ಮನ್ನೇ ನೆಚ್ಚಿಕೊಳ್ಳುವಂತೆ ಮಾಡಿ, ದ್ರೋಹ ಆಮೇಲೆ. ಕ್ರಮ ತಪ್ಪಿದರೆ ಅವಳಿಗೆ ಕಣ್ಣು ಕಾಣಿಸಿಬಿಡುತ್ತದೆ.

ಇದಕ್ಕೆ ಬೇಕಾದ ಮಂತ್ರ ‘ನಾನಿಲ್ವಾ?’ ಒಂದೇ ಒಂದು ಮಾತು. ಪ್ರೀತಿಯಿಂದ ಹೇಳಿ. ಬ್ಯಾಂಕಿಗೆ ಹೋಗಬೇಕು ಎಂದರೆ, ‘ನಿನಗ್ಯಾಕೆ ಆ ಕ್ಯೂ, ನಾನಿಲ್ವಾ?’ ಕೆಲಸಕ್ಕೆ ಹೋಗುತ್ತೇನೆ ಎಂದರೆ, ‘ಆ ಹನ್ನೆರಡು ಸಾವಿರಕ್ಕೆ ಮಗು ಬಿಟ್ಟು ಹೋಗ್ತೀಯಾ, ನಾನಿಲ್ವಾ?’ ಸಿಮ್ ನಿಮ್ಮ ಹೆಸರಿನಲ್ಲಿರಲಿ. ಎಟಿಎಂ ಕಾರ್ಡ್ ನಿಮ್ಮ ಪರ್ಸಿನಲ್ಲಿರಲಿ. ಒಟಿಪಿ ನಿಮ್ಮ ಫೋನಿಗೇ ಬರಲಿ. ನೋಡಿದವರು ಹೆಂಡತಿಯನ್ನು ಹೂವಿನಂತೆ ನೋಡಿಕೊಳ್ಳುತ್ತಾನೆ ಎನ್ನಬೇಕು.

ಕರ್ನಾಟಕದಲ್ಲಿ ಈ ಹಂತ ಈಚೆಗೆ ತುಸು ತ್ರಾಸದಾಯಕವಾಗಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಬೇಕಿಲ್ಲ. ‘ಬಸ್ ಚಾರ್ಜಿಗೆ ದುಡ್ಡೆಲ್ಲಿದೆ’ ಎಂದು ತವರಿನ ದಾರಿ ಮುಚ್ಚುತ್ತಿದ್ದ ಒಳ್ಳೆಯ ಹಳೆಯ ಉಪಾಯ ಒಂದೇ ದಿನದಲ್ಲಿ ಕೆಲಸಕ್ಕೆ ಬಾರದಂತಾಯಿತು. ಎದೆಗುಂದಬೇಡಿ. ಕಂಡಕ್ಟರ್ ಗುರುತಿನ ಚೀಟಿ ಕೇಳುತ್ತಾನೆ. ಅವಳ ಆಧಾರ್ ಕಾರ್ಡ್ ‘ಜೋಪಾನವಾಗಿ’ ನಿಮ್ಮ ಬೀಗದೊಳಗಿರಲಿ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಅವಳ ಖಾತೆಗೇ ಬೀಳುತ್ತದೆ ನಿಜ. ಬಿದ್ದ ಸುದ್ದಿ ಬರುವುದು ಯಾರ ಮೊಬೈಲಿಗೆ ಎಂಬುದು ಮುಖ್ಯ. ಕೇಳಿದರೆ, ‘ಈ ತಿಂಗಳದ್ದು ಇನ್ನೂ ಬಂದಿಲ್ಲ’ ಎನ್ನಿ. ಸರ್ಕಾರವೂ ಆಗಾಗ ತಡಮಾಡಿ ನಿಮ್ಮ ಮಾತಿಗೆ ಸಾಕ್ಷಿ ನಿಲ್ಲುತ್ತದೆ.

ತವರಿನವರನ್ನು ನೇರವಾಗಿ ಬೈಯಬೇಡಿ. ಬೈದರೆ ಅವಳು ಅವರ ಪರ ನಿಲ್ಲುತ್ತಾಳೆ. ಅರ್ಧ ಮಾತಾಡಿ ನಿಲ್ಲಿಸುವುದನ್ನು ಕಲಿಯಿರಿ. ‘ನಿಮ್ಮಣ್ಣ ಸಂತೇಲಿ ಸಿಕ್ಕಿದ್ದ. ಏನೋ ಅಂದ, ಬಿಡು, ನಿನಗೆ ಬೇಜಾರಾಗುತ್ತೆ.’ ಇಷ್ಟೇ. ಮುಂದಿನದನ್ನು ರಾತ್ರಿಯೆಲ್ಲ ಅವಳೇ ಕಟ್ಟಿಕೊಳ್ಳುತ್ತಾಳೆ. ಅದೇ ಅಣ್ಣ ಫೋನ್ ಮಾಡಿದಾಗ, ‘ಅವಳಿಗೆ ಈಚೆಗೆ ಯಾರ ಹತ್ರಾನೂ ಮಾತು ಬೇಡವಂತೆ ಭಾವ, ನಾನೂ ಹೇಳಿ ಸಾಕಾದೆ’ ಎಂದು ನಿಟ್ಟುಸಿರು ಬಿಡಿ. ಎರಡು ದೀಪಾವಳಿ ಕಳೆಯುವುದರೊಳಗೆ ಅಣ್ಣ ತಂಗಿ ಇಬ್ಬರೂ ಒಬ್ಬರ ಮೇಲೊಬ್ಬರು ಮುನಿಸಿಕೊಂಡಿರುತ್ತಾರೆ. ಇಬ್ಬರೂ ತಮ್ಮ ಸಂಕಟ ಹೇಳಿಕೊಳ್ಳುವುದು ನಿಮ್ಮ ಹತ್ತಿರವೇ.

ಈಗ ಒಡವೆಯ ವಿಷಯಕ್ಕೆ ಬನ್ನಿ. ಇದು ಸ್ವಲ್ಪ ನಿಧಾನವಾಗಿ ಕಲಿಯಬೇಕಾದ ಪಾಠ.

ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ಇಂಗ್ಲಿಷ್ ನಾಟಕಕಾರ 1938ರಲ್ಲಿ ‘ಗ್ಯಾಸ್ ಲೈಟ್’ ಎಂಬ ನಾಟಕ ಬರೆದ. 1944ರಲ್ಲಿ ಅದು ಹಾಲಿವುಡ್ ಸಿನಿಮಾ ಆಗಿ, ಹೆಂಡತಿಯ ಪಾತ್ರ ಮಾಡಿದ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು. ಗಂಡ ಅಟ್ಟದ ಮೇಲೆ ಗ್ಯಾಸಿನ ದೀಪ ಹಚ್ಚಿಕೊಂಡು ಗುಟ್ಟಾಗಿ ಏನನ್ನೋ ಹುಡುಕುತ್ತಾನೆ. ಕೆಳಗಿನ ದೀಪಗಳು ಮಂಕಾಗುತ್ತವೆ. ಅದೆಲ್ಲ ನಿನ್ನ ಭ್ರಮೆ ಎಂದು ಹೆಂಡತಿಯನ್ನು ನಂಬಿಸುತ್ತಾನೆ. ಗ್ಯಾಸ್‌ಲೈಟಿಂಗ್ ಎಂದು ಇವತ್ತಿನ ಹುಡುಗರು ಮಾತುಮಾತಿಗೆ ಅನ್ನುವುದು ಇದನ್ನೇ. ಅವನು ಹುಡುಕುತ್ತಿದ್ದದ್ದು ಏನನ್ನು ಎಂಬುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಒಡವೆಯನ್ನು. ಅಲ್ಲೂ ಅದೇ, ಇಲ್ಲೂ ಅದೇ. ಆದರೆ ಅವನ ವಿಧಾನವನ್ನು ಹಾಗೇ ನಕಲು ಮಾಡಬೇಡಿ. ನಮ್ಮಲ್ಲಿ ದೀಪ ಮಂಕಾದರೆ ಹೆಂಡತಿ ತನ್ನ ಕಣ್ಣನ್ನು ಅನುಮಾನಿಸುವುದಿಲ್ಲ, ವೋಲ್ಟೇಜ್ ಕಡಿಮೆ ಎನ್ನುತ್ತಾಳೆ.

ನೀವು ಬೀರುವಿನ ಬೀಗದ ಕೈಯಿಂದ ಶುರುಮಾಡಿ. ಅವಳು ದಿನಾ ದೇವರ ಮನೆಯ ಮೊಳೆಗೆ ನೇತುಹಾಕುತ್ತಾಳೆ ಅಂದುಕೊಳ್ಳೋಣ. ಒಂದು ದಿನ ಅದನ್ನು ಫ್ರಿಜ್ಜಿನ ಮೇಲಿಡಿ. ಹುಡುಕಾಡಲಿ. ಸಿಕ್ಕಾಗ, ‘ನೀನೇ ಅಲ್ವೇನೇ ಬೆಳಿಗ್ಗೆ ಹಾಲು ಇಡುವಾಗ ಅಲ್ಲಿಟ್ಟಿದ್ದು?’ ಎಂದು ನಗುತ್ತಾ ಕೇಳಿ. ನಗು ಮುಖ್ಯ. ಮುಂದಿನ ವಾರ ಗ್ಯಾಸ್ ಬುಕ್ ಮಾಡಲು ನೀವೇ ಮರೆತು, ‘ನಿನಗೆ ಹೇಳಿದ್ದೆನಲ್ಲ’ ಎನ್ನಿ. ಅವಳ ಅತ್ತೆಯ ಮುಂದೆ, ಮಕ್ಕಳ ಮುಂದೆ ‘ನಿಮ್ಮಮ್ಮನ ಮರೆವು’ ಎಂದು ತಮಾಷೆ ಮಾಡಿ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆನ್ನಿಸತೊಡಗುತ್ತದೆ ಎಂದು ಅಮೆರಿಕದ ಮೂವರು ಸಂಶೋಧಕರು 1977ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಆರು ತಿಂಗಳಲ್ಲಿ ಅವಳೇ ಪಕ್ಕದ ಮನೆಯವಳ ಹತ್ತಿರ, ‘ನನಗೀಗ ಏನೂ ನೆನಪಿರಲ್ಲ ಕಣ್ರೀ’ ಎಂದು ಹೇಳಿಕೊಳ್ಳುತ್ತಾಳೆ. ಆ ಮಾತು ನಿಮ್ಮ ಕಿವಿಗೆ ಬಿದ್ದ ದಿನ ನೀವು ಚಿನ್ನಕ್ಕೆ ಕೈ ಹಾಕಬಹುದು.

ದಿನ ಆರಿಸುವಾಗ ಎಚ್ಚರ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಅಡವಿಡುವವನು ದಡ್ಡ. ಕಳಶಕ್ಕೆ ಹಾಕಲು ಸರ ಬೇಕೇ ಬೇಕು, ಅವತ್ತು ಬೀರು ತೆರೆದೇ ತೆರೆಯುತ್ತಾರೆ. ಹಬ್ಬ ಮುಗಿದ ಮೇಲೆ ಇಡಿ. ನಡುವೆ ಅವಳ ಕಡೆಯ ಮದುವೆ ಗಿದುವೆ ಬರದಿದ್ದರೆ ಮುಂದಿನ ಶ್ರಾವಣದವರೆಗೆ ಯಾರೂ ಕೇಳುವುದಿಲ್ಲ. ಅಷ್ಟರೊಳಗೆ ರಮ್ಮಿಯಲ್ಲಿ ಕಳೆದದ್ದನ್ನು ರಮ್ಮಿಯಲ್ಲೇ ಗೆದ್ದು ಬಿಡಿಸಿಕೊಳ್ಳುತ್ತೇನೆ ಎಂಬ ನಂಬಿಕೆ ನಿಮಗಿರಲಿ. ಬೇರೆಯವರನ್ನು ನಂಬಿಸುವವನು ತನ್ನನ್ನೂ ಸ್ವಲ್ಪ ನಂಬಿಸಿಕೊಳ್ಳಬೇಕಾಗುತ್ತದೆ.

ಇಷ್ಟಾದರೂ ಒಂದು ದಿನ ಅಡವಿನ ಚೀಟಿ ಅವಳಿಗೆ ಸಿಕ್ಕುತ್ತದೆ. ಸಾಮಾನ್ಯವಾಗಿ ಪ್ಯಾಂಟಿನ ಜೇಬಿನಲ್ಲಿ, ಭಾನುವಾರ, ಬಟ್ಟೆ ನೆನೆಹಾಕುವ ಹೊತ್ತಿನಲ್ಲಿ. ಆಗ ಏನು ಮಾಡಬೇಕೆಂಬುದಕ್ಕೆ ಫ್ರೈಡ್ ಅವರೇ 1997ರಲ್ಲಿ ಒಂದು ಹೆಸರು ಕೊಟ್ಟಿದ್ದಾರೆ: ಡಾರ್ವೊ. ಅಲ್ಲಗಳೆಯುವುದು, ಮೇಲೆ ಬೀಳುವುದು, ಕೊನೆಗೆ ಪೆಟ್ಟು ತಿಂದವರ ಜಾಗದಲ್ಲಿ ತಾನೇ ಹೋಗಿ ಕೂರುವುದು. ತಪ್ಪಿತಸ್ಥರು ಹೀಗೆ ಮಾಡುತ್ತಾರೆ, ಎಚ್ಚರವಾಗಿರಿ ಎಂದು ಅವರು ಹೇಳಿದ್ದು. ನೀವು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಮಾತು ಹೀಗೆ ಸಾಗಲಿ:

‘ರೀ, ನಿಮ್ಮ ಜೇಬಲ್ಲಿ ಈ ಚೀಟಿ ಇತ್ತು. ಇದು ನನ್ನ ಎರಡೆಳೆ ಸರದ್ದಾ?’

‘ಯಾವ ಸರ? ಅದು ನಮ್ಮ ಆಫೀಸಿನವನದು. ಅವನ ದಾಖಲೆ ಸರಿ ಇರಲಿಲ್ಲ, ನನ್ನ ಹೆಸರಲ್ಲಿ ಇಟ್ಟ.’

‘ನಲವತ್ತು ಗ್ರಾಂ ಅಂತಿದೆ. ನಂದೂ ಅಷ್ಟೇ ಅಲ್ವಾ? ಅಪ್ಪ ತೂಗಿಸಿ ಕೊಟ್ಟಿದ್ರು.’

‘ಅಂದ್ರೆ ನನ್ನ ಜೇಬಿಗೆ ಕೈ ಹಾಕೋ ಮಟ್ಟಕ್ಕೆ ಬಂದಿದೀಯ. ಯಾರು ಹೇಳ್ಕೊಟ್ರು ಇದನ್ನ? ನಿಮ್ಮಮ್ಮನಾ?’

‘ಅಯ್ಯೋ, ಹಂಗಲ್ಲ ರೀ. ಬಟ್ಟೆ ಒಗೆಯೋಕೆ...’

ಇಲ್ಲಿ ದನಿ ಇಳಿಸಿ. ಮಂಚದ ಮೇಲೆ ಕುಳಿತು ಹಣೆಗೆ ಕೈ ಹಚ್ಚಿ. ‘ಹಗಲೂ ರಾತ್ರಿ ಯಾರಿಗೋಸ್ಕರ ದುಡೀತಿದೀನಿ ನಾನು? ಮನೇಲಿ ಕಳ್ಳ ಅನ್ನಿಸ್ಕೊಳ್ಳೋಕಾ?’ ಎನ್ನಿ. ಅವಳು ‘ನಾನೆಲ್ಲಿ ಹಾಗಂದೆ’ ಎನ್ನುತ್ತಾಳೆ. ಉತ್ತರ ಕೊಡಬೇಡಿ. ರಾತ್ರಿ ಊಟಕ್ಕೆ ಏಳಬೇಡಿ. ಹತ್ತು ಗಂಟೆಗೆ ತಟ್ಟೆ ಹಿಡಿದು ಬಂದು, ‘ತಪ್ಪಾಯ್ತು, ಏಳಿ’ ಎನ್ನುತ್ತಾಳೆ. ಸರ ಕಳೆದುಕೊಂಡವಳು ಅವಳು, ತಪ್ಪಾಯ್ತು ಅಂದವಳೂ ಅವಳು. ಎರಡು ತುತ್ತು ತಿನ್ನಿ. ಚೀಟಿಯನ್ನು ಅವಳ ಕೈಯಿಂದ ವಾಪಸು ಇಸಿದುಕೊಳ್ಳಲು ಮರೆಯಬೇಡಿ. ಬಹಳ ಜನ ಕೆಡುವುದು ಈ ಸಣ್ಣ ಉದಾಸೀನದಿಂದ.

ಸುಳ್ಳು ಸವೆಯತೊಡಗಿದಾಗ ಕೈಗೆ ಕೆಲಸ ಬರುತ್ತದೆ. ಇದಕ್ಕೆ ತರಬೇತಿ ಬೇಕಿಲ್ಲ. ರವಿಕೆ ಮುಚ್ಚುವ ಜಾಗ ನೋಡಿಕೊಳ್ಳಿ ಅಷ್ಟೆ. ಆಮೇಲೆ, ‘ಕೋಪ ಬಂದಾಗ ಏನು ಮಾಡ್ತೀನೋ ನನಗೇ ಗೊತ್ತಾಗಲ್ಲ’ ಎನ್ನಿ. ಆಫೀಸಿನಲ್ಲಿ ಮ್ಯಾನೇಜರ್ ಎಲ್ಲರ ಮುಂದೆ ಬೈದಾಗ ಅದೇ ಕೋಪ ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಳ್ಳುವವರೆಗೆ ಹೇಗೆ ತಡೆದುಕೊಂಡಿತು ಎಂದು ಅವಳು ಕೇಳುವ ಸಂಭವ ಕಡಿಮೆ. ಕುಡಿಯುವ ಅಭ್ಯಾಸ ಇದ್ದರೆ ಇನ್ನೂ ಅನುಕೂಲ. ಎಲ್ಲ ಪಾಪವನ್ನೂ ಬಾಟಲಿಯ ಮೇಲೆ ಹಾಕಬಹುದು.

ಮಾರನೆಯ ದಿನ ಹೂವು ತನ್ನಿ. ಲೆನೋರ್ ವಾಕರ್ ಎಂಬ ಮನಶ್ಶಾಸ್ತ್ರಜ್ಞೆ 1979ರಲ್ಲೇ ಪೆಟ್ಟು ತಿಂದ ಹೆಂಗಸರ ಮಾತು ಕೇಳಿ ಈ ಚಕ್ರವನ್ನು ಬರೆದಿಟ್ಟಿದ್ದಾರೆ: ಬಿಗಿ ಏರುವುದು, ಸಿಡಿಯುವುದು, ಆಮೇಲೆ ಕಾಲು ಹಿಡಿಯುವುದು. ಮೂರನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅವಳನ್ನು ಮನೆಯಲ್ಲಿ ಉಳಿಸುವುದು ಅದೇ. ಆದರೆ ಪ್ರತಿ ಸಲವೂ ತರಬೇಡಿ. ಒಮ್ಮೆ ಮಲ್ಲಿಗೆ, ಒಮ್ಮೆ ಮೌನ, ಒಮ್ಮೆ ಮೈಸೂರ್‌ಪಾಕು, ಆಮೇಲೆ ಎರಡು ತಿಂಗಳು ಏನೂ ಇಲ್ಲ. ಸನ್ನೆಕೋಲು ಒತ್ತಿದಾಗಲೆಲ್ಲ ಕಾಳು ಸಿಕ್ಕ ಪ್ರಾಣಿ ಕಾಳು ನಿಂತ ಮೇಲೆ ಬೇಗ ಕೈಬಿಡುತ್ತದೆ. ಯಾವಾಗ ಸಿಕ್ಕುತ್ತದೋ ಗೊತ್ತಿಲ್ಲದ ಪ್ರಾಣಿ ಒತ್ತುತ್ತಲೇ ಇರುತ್ತದೆ ಎಂಬುದು ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗಶಾಲೆಯ ಪಾಠ. ‘ಅವರು ಒಳ್ಳೆಯವರೇ, ಕೋಪ ಒಂದು ಬಿಟ್ಟರೆ’ ಎಂದು ಅವಳು ಹೇಳತೊಡಗಿದರೆ ಹೂವಿನ ಖರ್ಚು ವಸೂಲಾಯಿತೆಂದು ತಿಳಿಯಿರಿ. ಆಣೆ ಹಾಕುವ ಸಂದರ್ಭ ಬಂದರೆ ಧರ್ಮಸ್ಥಳದ ಕಡೆ ಮಾತು ಹೋಗಲು ಬಿಡಬೇಡಿ. ಮಂಜುನಾಥನ ಮೇಲಿನ ಭಯ ನಿಮಗೂ ಇರುತ್ತದೆ, ನಾಲಿಗೆ ತೊದಲುತ್ತದೆ. ಮಗುವಿನ ತಲೆ ಮುಟ್ಟಿ. ಮಗು ಆಕ್ಷೇಪಿಸುವುದಿಲ್ಲ.

ಇನ್ನೊಬ್ಬಳ ವಿಷಯ ಇದ್ದರೆ ಹೆಚ್ಚು ಹೇಳಬೇಕಾದದ್ದಿಲ್ಲ. ನೀವು ಸಿಕ್ಕಿಬೀಳುವ ಮೊದಲೇ ಹೆಂಡತಿಯ ಮೇಲೆ ಅನುಮಾನ ಪಡಿ. ಹಾಲಿನವನು, ಮಗನ ಟ್ಯೂಷನ್ ಮೇಷ್ಟ್ರು, ಯಾರಾದರೂ ಆದೀತು. ತನ್ನ ಶೀಲ ಸಾಬೀತು ಮಾಡುವುದರಲ್ಲೇ ಮುಳುಗಿದವಳಿಗೆ ನಿಮ್ಮ ಫೋನ್ ನೋಡಲು ಪುರುಸೊತ್ತಿರುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ವ್ಯಭಿಚಾರವನ್ನು ಅಪರಾಧದ ಪಟ್ಟಿಯಿಂದ ತೆಗೆದಿದೆ, ಜೈಲಿನ ಭಯ ಬೇಡ. ವಿಚ್ಛೇದನಕ್ಕೆ ಅದು ಈಗಲೂ ಕಾರಣವಾಗುತ್ತದೆ ಎಂಬುದನ್ನು ಅವಳಿಗೆ ಹೇಳುವ ಅಗತ್ಯವಿಲ್ಲ.

ಹೊರಗೆ ಮಾತ್ರ ಬಂಗಾರದಂಥ ಮನುಷ್ಯರಾಗಿರಿ. ಮೇಲ್ಮಹಡಿಯ ಅಜ್ಜಿಯ ಗ್ಯಾಸ್ ಸಿಲಿಂಡರ್ ಹೊತ್ತು ಕೊಡಿ. ಗಣೇಶೋತ್ಸವದ ಚಂದಾದಲ್ಲಿ ನಿಮ್ಮ ಹೆಸರು ಮೇಲಿರಲಿ. ಅವಳು ಬಾಯಿಬಿಟ್ಟ ದಿನ ಕೇಳಿದವರ ಮೊದಲ ಮಾತು ‘ಅವನಾ? ಛೆ, ಇರಲಾರದು’ ಎಂದಾಗಬೇಕು. ‘ಇವಳನ್ನ ನಿಮ್ಹಾನ್ಸ್‌ಗೆ ತೋರಿಸ್ಬೇಕು’ ಎಂದು ನಾಲ್ಕು ಜನರೆದುರು ನೊಂದ ದನಿಯಲ್ಲಿ ಹೇಳಿ. ಹೇಳಿ ಅಷ್ಟೇ, ನಿಜವಾಗಿ ಕರೆದುಕೊಂಡು ಹೋಗಬೇಡಿ. ಡಾಕ್ಟರು ನಿಮ್ಮನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಮಾತಾಡಿಸುತ್ತಾರೆ. ವರ್ಷಗಟ್ಟಲೆ ಮಾಡಿದ ಕೆಲಸ ಅರ್ಧ ಗಂಟೆಯಲ್ಲಿ ಮಣ್ಣುಪಾಲು.

ಹಿರಿಯರು ಸೇರಿ ನ್ಯಾಯ ಮಾಡುವ ದಿನಕ್ಕೆ ಹೆದರಬೇಡಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನೀವಾಗಿ ಎತ್ತಬೇಡಿ, ಅದಕ್ಕೆ ಅವಳ ಸೋದರಮಾವ ಇದ್ದಾರೆ. ‘ಹೊಂದಿಕೊಂಡು ಹೋಗಮ್ಮ’ ಎನ್ನಲು ಅವಳ ಸ್ವಂತ ಚಿಕ್ಕಮ್ಮ ಬರುತ್ತಾರೆ, ಅದೂ ಕಾಫಿಗೆ ಮೊದಲೇ. ಸಮಾಜ ನಿಮ್ಮ ಬೆನ್ನಿಗಿದೆ ಎಂಬುದು ಬರೀ ಹುರುಪಿನ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏಳು ಕಾರಣ ಓದಿ ಹೇಳಿ, ಇವುಗಳಿಗಾಗಿ ಗಂಡ ಹೊಡೆದರೆ ಸರಿಯೇ ಎಂದು ಕೇಳಿತು: ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ಕಡೆಗಣಿಸಿದರೆ, ಎದುರು ಮಾತಾಡಿದರೆ, ಹಾಸಿಗೆಗೆ ಬರಲೊಲ್ಲೆನೆಂದರೆ, ಅಡುಗೆ ಕೆಟ್ಟರೆ, ನಡತೆಯ ಮೇಲೆ ಅನುಮಾನ ಬಂದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ. ಏಳರಲ್ಲಿ ಒಂದಕ್ಕಾದರೂ ಸರಿ ಎಂದವರು ಕರ್ನಾಟಕದಲ್ಲಿ ಗಂಡಸರು ನೂರಕ್ಕೆ ಸುಮಾರು 82, ಹೆಂಗಸರು 77. ಗಂಡನಿಂದ ಹಿಂಸೆ ಅನುಭವಿಸಿದ್ದೇವೆಂದು ಹೇಳಿಕೊಂಡ ಕರ್ನಾಟಕದ ವಿವಾಹಿತೆಯರು ಅದೇ ಸಮೀಕ್ಷೆಯಲ್ಲಿ ನೂರಕ್ಕೆ 44. ಅದರ ಹಿಂದಿನ ಸಮೀಕ್ಷೆಯಲ್ಲಿ 21ರಷ್ಟಿತ್ತು. ಹಾಲ್‌ನಲ್ಲಿ ಸೇರಿದ ಹತ್ತು ಜನರ ಮೇಲೆ ಒಮ್ಮೆ ಕಣ್ಣಾಡಿಸಿ ನಿರಾಳವಾಗಿ ಕುಳಿತುಕೊಳ್ಳಿ. ‘ಯಾವ ಮನೇಲಿ ಇಲ್ಲ ಇದು?’ ಎಂದು ಯಾರೋ ಅನ್ನುತ್ತಾರೆ. ಲೆಕ್ಕ ಹೆಚ್ಚುಕಡಿಮೆ ಅರ್ಧದಷ್ಟು ಸರಿಯಾಗಿಯೇ ಇದೆ.

ಅವಳಿಗೆ ತಿಳಿಯಬಾರದ ಸಂಗತಿಗಳು ಕೆಲವಿವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹಿಂಸೆ ಎಂದರೆ ಹೊಡೆತ ಮಾತ್ರ ಅಲ್ಲ. ಹೀಯಾಳಿಸುವುದು, ದುಡ್ಡು ಕೊಡದೆ ಕಾಡಿಸುವುದು, ಅವಳ ಸ್ತ್ರೀಧನವನ್ನು ಕರಗಿಸುವುದು ಎಲ್ಲವೂ ಅದರೊಳಗೆ ಬರುತ್ತವೆ. ಆ ಎರಡೆಳೆ ಸರ ಪೂರ್ತಿ ಅವಳದೇ, ಗಂಡ ಬರೀ ಕಾವಲುಗಾರ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿಬಿಟ್ಟಿದೆ. ಮನೆ ನಿಮ್ಮ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ‘ನನ್ನ ಮನೆಯಿಂದ ಆಚೆ ನಡಿ’ ಎನ್ನುವ ನಿಮ್ಮ ನೆಚ್ಚಿನ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ದೂರು ಕೊಡಲು ವಕೀಲರೂ ಬೇಕಿಲ್ಲ, ಸಂರಕ್ಷಣಾಧಿಕಾರಿಯೇ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ಆ ಅಧಿಕಾರಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ. ಆದ್ದರಿಂದ ಅಂಗನವಾಡಿ ಟೀಚರ್ ಜೊತೆ ಅವಳ ಸ್ನೇಹ ಮೊಟ್ಟೆ, ಶೇಂಗಾ ಚಿಕ್ಕಿಯ ಮಾತು ದಾಟದಂತೆ ನೋಡಿಕೊಳ್ಳಿ. 181 ಎಂಬ ಸಹಾಯವಾಣಿ ಹಗಲೂ ರಾತ್ರಿ ಇದೆ, ಕರೆಗೆ ಕಾಸಿಲ್ಲ. ಆ ಮೂರು ಅಂಕಿ ಬರೆದ ಪೋಸ್ಟರ್ ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ಅವಳಿಗೆ ಅಡ್ಡ ನಿಂತು ಟೈಮ್ ಎಷ್ಟಾಯಿತೆಂದು ಕೇಳಿ. ಅರ್ಜಿಯನ್ನು 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಮ್ಮ ಕೋರ್ಟುಗಳ 60 ದಿನ ಎಷ್ಟು ಉದ್ದ ಎಂಬುದು ನಿಮಗೆ ಗೊತ್ತಿದೆ. ಅಷ್ಟರಮಟ್ಟಿಗೆ ಧೈರ್ಯವಾಗಿರಿ.

ಗೋಡೆಯ ಕ್ಯಾಲೆಂಡರನ್ನು ವಾರಕ್ಕೊಮ್ಮೆ ಪರೀಕ್ಷಿಸಿ. ಹಾಲಿನ ಲೆಕ್ಕ ಬರೆಯುವ ಚೌಕದಲ್ಲಿ ‘ಅರ್ಧ ಲೀ.’, ‘ಇಲ್ಲ’ ಎಂಬುದರ ಕೆಳಗೆ ಪೆನ್ಸಿಲಿನಲ್ಲಿ ‘ರಾ. 9, ಎಡ ತೋಳು’, ‘ಕೀ ಮೊಳೆಗೇ ಹಾಕಿದ್ದೆ’ ಎಂಬಂಥ ಅಕ್ಷರ ಕಂಡರೆ ಗಾಬರಿಯಾಗುವುದು ಸರಿಯೇ. ಮೊದಲನೆಯದಕ್ಕಿಂತ ಎರಡನೆಯದು ಅಪಾಯ. ತೋಳಿನ ಕಲೆ ಮಾಸುತ್ತದೆ. ಬೀಗದ ಕೈ ಎಲ್ಲಿಟ್ಟೆ ಎಂದು ಬರೆದಿಟ್ಟುಕೊಂಡವಳಿಗೆ ಮರುದಿನ ಅದು ಫ್ರಿಜ್ಜಿನ ಮೇಲೆ ಸಿಕ್ಕರೆ ತನ್ನ ತಲೆ ಕೆಟ್ಟಿದೆ ಎನ್ನಿಸುವುದಿಲ್ಲ.

ಜಗಳವಾಡುವ ಹೆಂಡತಿಗೆ ಹೆದರಬೇಡಿ. ‘ಯಾಕೆ ಹೀಗ್ಮಾಡ್ತೀರ’ ಎಂದು ಕೇಳುವವಳು ಇನ್ನೂ ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತಾಳೆ. ಕೇಳುವುದನ್ನು ನಿಲ್ಲಿಸಿ, ನೀವು ಹೇಳಿದ್ದಕ್ಕೆಲ್ಲ ‘ಸರಿ ರೀ’ ಎನ್ನುತ್ತಾ ತಟ್ಟೆಗೆ ಇನ್ನೊಂದು ಚಪಾತಿ ಹಾಕತೊಡಗಿದರೆ, ಊಟ ಅರ್ಧಕ್ಕೆ ಬಿಟ್ಟು ಎದ್ದು ಬೀರು ತೆಗೆಯಿರಿ. ಮಕ್ಕಳ ಜನನ ಪ್ರಮಾಣಪತ್ರ, ಅವಳ ಹತ್ತನೇ ತರಗತಿಯ ಅಂಕಪಟ್ಟಿ, ಪಾಸ್‌ಬುಕ್ ನೋಡಿ. ಇದ್ದ ಜಾಗದಲ್ಲಿ ಇಲ್ಲವೇ? ಅವಳನ್ನು ಕೇಳಲು ಹೋಗಬೇಡಿ. ‘ಅಲ್ಲೇ ಇತ್ತಲ್ಲ ರೀ, ನೀವೇ ಎಲ್ಲೋ ಇಟ್ಟಿರ್ತೀರ’ ಎನ್ನುತ್ತಾಳೆ, ಅದೂ ನಗುತ್ತಾ.